ಗಾಂಧಿ ಕ್ಲಾಸಿನಿಂದ ಅರಮನೆ ಊಟದ ಮೇಜಿಗೆ!

ನಮ್ಮ ಸಿನಿಮಾದಲ್ಲಿ ದೊಡ್ಡ ಹೋಟೆಲಿನ ಸೀನು ಬಂತೆಂದರೆ ಮುಂದೇನಾಗುತ್ತೆ ಅಂತ ಗಾಂಧಿ ಕ್ಲಾಸಿನ ಹುಡುಗನಿಗೂ ಗೊತ್ತು. ಮಂದ ಬೆಳಕು. ಮೇಜಿನ ಮೇಲೊಂದು ಮೇಣದ ಬತ್ತಿ. ಮೂಲೆಯಲ್ಲಿ ಸಿಗಾರ್ ಸೇದುತ್ತಾ ಕೂತ ಖಳನಾಯಕ, ನಡುವೆ ಕ್ಯಾಬರೆ, ಬಾಗಿಲಲ್ಲಿ ನಾಯಕ. ಐದೇ ನಿಮಿಷದಲ್ಲಿ ಡಿಷುಂ ಡಿಷುಂ! ಮೇಜು ಮಗುಚಿತು, ಗಾಜು ಪುಡಿಪುಡಿ ಆಯ್ತು, ಟಾಕೀಸಿನ ತುಂಬಾ ಶಿಳ್ಳೆ. ಆದರೆ ಚಿತ್ರರಸಿಕರೇ, ಒಂದು ಮಾತು ಎಂದಾದರೂ ಗಮನಿಸಿದ್ದೀರಾ? ಆ ಹೋಟೆಲಿನಲ್ಲಿ ಯಾರೂ ಊಟ ಮಾಡೋದೇ ಇಲ್ಲ! ಮೇಜು, ತಟ್ಟೆ, ಚಮಚ, ಸೂಟು ಹಾಕಿದ ಸಪ್ಲೈಯರ್ ಎಲ್ಲಾ ಇರ್ತಾರೆ. ತುತ್ತು ಮಾತ್ರ ಯಾರ ಬಾಯಿಗೂ ಹೋಗೋದಿಲ್ಲ.

ದೊಡ್ಡ ಹೋಟೆಲು ಅಂದರೆ ನಮ್ಮ ಹುಡುಗರಿಗೆ ಇವತ್ತಿಗೂ ಈ ಸೀನೇ. ಅದು ನೋಡುವ ಜಾಗ, ಉಣ್ಣುವ ಜಾಗ ಅಲ್ಲ ಅನ್ನೋ ಭಾವನೆ. ಈಗ ಕಾಲ ಬದಲಾಗಿದೆ. ಆಟದ ಪಾರ್ಕು, ಫಿಲ್ಮ್ ಸಿಟಿ, ಅರಮನೆ ಮಾದರಿಯ ರೆಸಾರ್ಟು ಅಂತ ಸಿನಿಮಾ ಸೆಟ್ಟಿನಂಥ ಊಟದ ಮನೆಗಳು ನಮ್ಮ ಸುತ್ತಮುತ್ತಲೇ ಎದ್ದಿವೆ. ರೊಕ್ಕ ಕೊಟ್ಟರೆ ಯಾರು ಬೇಕಾದರೂ ಆ ಸೀನಿನೊಳಗೆ ಕೂರಬಹುದು. ಕೂತು ಏನು ನೋಡಬೇಕು, ಏನು ಕೇಳಬೇಕು, ಎಷ್ಟು ಕೊಡಬೇಕು? ಇದೇ ಈ ವಾರದ ಸಂಗತಿ.

ಹೊರಡೋದು ಎಲ್ಲಿಂದ? ರೂಪನಗುಡಿಯಿಂದ!

ಬಳ್ಳಾರಿ ತಾಲೂಕಿನ ಹೋಬಳಿ ಊರು ರೂಪನಗುಡಿ. ಕರಿ ಮಣ್ಣಿನ ಸೀಮೆ. ಹತ್ತಿ, ಜೋಳ, ಮೆಣಸಿನಕಾಯಿ. ಸ್ವಲ್ಪ ದೂರ ಹೋದರೆ ಆಂಧ್ರದ ಗಡಿ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದಾಗ ಪಕ್ಕದ ಆಲೂರು, ಆದೋನಿ, ರಾಯದುರ್ಗ ಆಂಧ್ರದ ಪಾಲಾದವು. ಗಡಿ ಗೆರೆ ಬಿತ್ತು, ಆದರೆ ನಾಲಗೆ ಎರಡಾಗಲಿಲ್ಲ. ಇಲ್ಲಿನ ಹುಡುಗ ಬೆಳಗ್ಗೆ ಕನ್ನಡ ಸಿನಿಮಾ ಮಾತಾಡ್ತಾನೆ, ಸಂಜೆ ತೆಲುಗು ಸಿನಿಮಾ ನೋಡ್ತಾನೆ. ಮಂಡಕ್ಕಿ ತೋಯಿಸಿ ಮಾಡಿದ ತಿಂಡಿಗೆ ಈ ಕಡೆ ಒಗ್ಗರಣೆ ಅಂತಾರೆ, ಆ ಕಡೆ ಉಗ್ಗಾಣಿ ಅಂತಾರೆ. ಜೊತೆಗೆ ಮಿರ್ಚಿ ಬಜ್ಜಿ ಎರಡೂ ಕಡೆ ಒಂದೇ!

ಬಸ್ ಸ್ಟ್ಯಾಂಡಿನಲ್ಲಿ ಇಬ್ಬರು ಗೆಳೆಯರು ನಿಂತಿದ್ದಾರೆ ಅಂದುಕೊಳ್ಳಿ.

"ಏನ್ಲೇ ಮಾಮ, ಅಂಥಾ ಹೋಟ್ಲಾಗ ನಮ್ನ ಒಳಗ ಬಿಡ್ತಾರೇನ್ಲೇ?"

"ರೊಕ್ಕ ಕೊಟ್ರ ಯಾಕ ಬಿಡಂಗಿಲ್ಲ? ಬಾರಲೇ, ಬಸ್ ಬಂತು."

ಬನ್ನಿ, ನಾವೂ ಹತ್ತೋಣ.

ಮೊದಲ ಸೆಟ್ಟು: ಕಮಲಾಪುರದ ಅರಮನೆ

ಹತ್ತಿರದ್ದರಿಂದ ಶುರು ಮಾಡೋಣ. ಬಳ್ಳಾರಿಗೆ ಬಂದು, ಹೊಸಪೇಟೆ ದಾರಿ ಹಿಡಿದು, ಹಂಪಿಯ ಮಗ್ಗುಲ ಕಮಲಾಪುರಕ್ಕೆ. 2021ರವರೆಗೆ ಇದು ನಮ್ಮ ಬಳ್ಳಾರಿ ಜಿಲ್ಲೆಯೇ ಆಗಿತ್ತು, ಈಗ ವಿಜಯನಗರ ಜಿಲ್ಲೆ. ಇಲ್ಲಿ ಇವಾಲ್ವ್ ಬ್ಯಾಕ್ ಅನ್ನೋ ಕಂಪನಿ, ಮೊದಲು ಆರೆಂಜ್ ಕೌಂಟಿ ಅಂತಿದ್ದದ್ದು, ಒಂದು ರೆಸಾರ್ಟ್ ಕಟ್ಟಿದೆ. ಕಮಾನು, ಮಂಟಪ, ಕಲ್ಲಿನ ಓಣಿ ಎಲ್ಲಾ ಹಂಪಿಯ ಅರಮನೆಗಳ ಅನುಕರಣೆ. 1970ರ 'ಶ್ರೀಕೃಷ್ಣದೇವರಾಯ' ಚಿತ್ರದಲ್ಲಿ ಡಾ. ರಾಜ್ ದೇವರಾಯನಾಗಿ ನಡೆದುಬಂದದ್ದು ನೆನಪಿದೆಯಲ್ಲ? ಅಂಥಾ ಸೆಟ್ಟಿನಲ್ಲಿ ನೀವೇ ನಡೆದು ಹೋಗ್ತೀರಿ. ಕೋಣೆಯ ಬಾಡಿಗೆ ಒಂದು ರಾತ್ರಿಗೆ ಹತ್ತಾರು ಸಾವಿರ. ಊಟಕ್ಕಷ್ಟೇ ಬರ್ತೀವಿ ಅಂದರೆ ಮೊದಲು ಫೋನ್ ಮಾಡಿ ವಿಚಾರಿಸಿಕೊಂಡೇ ಹೋಗಬೇಕು.

ಊಟದ ಮನೆಗಳ ಹೆಸರು ಕೇಳಿ: ಒಂದು 'ತುಳುವ', ಇನ್ನೊಂದು 'ಬಹಮನಿ'. ತುಳುವ ಅಂದರೆ ಕೃಷ್ಣದೇವರಾಯನ ವಂಶ. ಬಹಮನಿ ಅಂದರೆ ವಿಜಯನಗರದ ಬದ್ಧ ವೈರಿ! ಬಹಮನಿ ರಾಜ್ಯ ಒಡೆದು ಹುಟ್ಟಿದ ಸುಲ್ತಾನರೇ 1565ರ ಯುದ್ಧದಲ್ಲಿ ಹಂಪಿಯನ್ನು ಹಾಳು ಮಾಡಿದ್ದು. ನಾಯಕ, ಖಳನಾಯಕ ಇಬ್ಬರಿಗೂ ಒಂದೇ ಛಾವಣಿ ಕೆಳಗೆ ಅಡುಗೆ ಮನೆ. ಇಂಥಾ ಕ್ಲೈಮ್ಯಾಕ್ಸು ಯಾವ ಕಥೆಗಾರನಿಗೂ ಹೊಳೆದಿರಲಿಕ್ಕಿಲ್ಲ.

ಆದರೆ ರೂಪನಗುಡಿಯ ರೈತನ ಮಗ ಇಲ್ಲಿ ಇನ್ನೊಂದು ವಿಷಯ ತಿಳಿದುಕೊಂಡು ಕೂರಬೇಕು. ರಾಜಭೋಜನ ಅಂತ ಯಾರಾದರೂ ಕೆಂಪಗೆ ಮಿಂಚುವ ಸಾರು ತಂದಿಟ್ಟರೆ ಮನಸ್ಸಿನಲ್ಲೇ ನಗಬಹುದು. ಯಾಕೆ ಅಂತೀರಾ? ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಅದು ನಮ್ಮ ದೇಶಕ್ಕೆ ಬಂದದ್ದು 16ನೇ ಶತಮಾನದಲ್ಲಿ, ಪೋರ್ಚುಗೀಸರ ಹಡಗಿನಲ್ಲಿ. 1509ರಿಂದ 1529ರವರೆಗೆ ಆಳಿದ ದೇವರಾಯನ ಅಡುಗೆ ಮನೆಯಲ್ಲಿ ಖಾರ ಅಂದರೆ ಕಾಳುಮೆಣಸು. ಟೊಮೇಟೊ ಇಲ್ಲ, ಆಲೂಗಡ್ಡೆ ಇಲ್ಲ. ಜೋಳ ಮಾತ್ರ ಆವತ್ತೂ ಇತ್ತು, ಇವತ್ತೂ ಇದೆ. ಅಂದರೆ ಇಡೀ ಅರಮನೆ ಸೆಟ್ಟಿನಲ್ಲಿ ನಿಜವಾದ ವಿಜಯನಗರದ ತಿನಿಸು ಯಾವುದು? ನಿಮ್ಮವ್ವ ಮನೆಯಲ್ಲಿ ಬಡಿಯುವ ಜೋಳದ ರೊಟ್ಟಿ!

ಇದನ್ನು ಹೇಳಿದ್ದು ಹೀಯಾಳಿಸೋದಕ್ಕಲ್ಲ. ಸೆಟ್ಟು ಸೆಟ್ಟೇ. ಅದರ ಚೆಂದ ನೋಡೋಣ, ಸಂತೋಷಪಡೋಣ. ಆದರೆ ಅದನ್ನೇ ಇತಿಹಾಸ ಅಂತ ನಂಬಿ ಬೆರಗಾಗಿ ಬಾಯಿ ಕಟ್ಟಿಕೊಂಡು ಕೂರಬೇಕಾಗಿಲ್ಲ.

ಎರಡನೇ ಸೆಟ್ಟು: ಸಿತಾರಾ ಮತ್ತು ತಾರಾ

ಈಗ ಆ ಕಡೆ ತಿರುಗೋಣ. ಆಲೂರು, ಕರ್ನೂಲು ದಾಟಿ ಹೈದರಾಬಾದು. ಅಲ್ಲಿಂದ ವಿಜಯವಾಡ ರಸ್ತೆಯಲ್ಲಿ ರಾಮೋಜಿ ಫಿಲ್ಮ್ ಸಿಟಿ. 1996ರಲ್ಲಿ ಶುರುವಾದದ್ದು, ಸುಮಾರು 2,000 ಎಕರೆ, ಜಗತ್ತಿನ ಅತಿ ದೊಡ್ಡ ಚಿತ್ರನಗರಿ ಅಂತ ಗಿನ್ನೆಸ್ ಪುಸ್ತಕ ಸೇರಿದ ಜಾಗ. ಕಟ್ಟಿದವರು 'ಈನಾಡು' ಪತ್ರಿಕೆಯ ರಾಮೋಜಿ ರಾವ್, 2024ರ ಜೂನ್ 8ರಂದು ತೀರಿಕೊಂಡರು. 2001ರಲ್ಲಿ ದಿನೇಶ್ ಬಾಬು ನಿರ್ದೇಶನದ ಕನ್ನಡದ 'ಚಿತ್ರ' ತೆಗೆದವರೂ ಇವರೇ. 2000ನೇ ಇಸವಿಯ ಡಿಸೆಂಬರಿನಲ್ಲಿ ಶುರುವಾದ ಈಟಿವಿ ಕನ್ನಡ ನಡೆಯುತ್ತಿದ್ದದ್ದೂ ಇಲ್ಲಿಂದಲೇ. ಹೀಗಾಗಿ ಈ ತೆಲುಗು ನೆಲದ ಕ್ಯಾಂಟೀನುಗಳಲ್ಲಿ ವರ್ಷಗಟ್ಟಲೆ ಕನ್ನಡದ ಹರಟೆ ಕೇಳಿಸುತ್ತಿತ್ತು.

'ಬಾಹುಬಲಿ'ಯ ಮಾಹಿಷ್ಮತಿ ಎದ್ದದ್ದು ಇಲ್ಲೇ, 2015 ಮತ್ತು 2017ರ ಆ ಎರಡು ಭಾಗಗಳಿಗಾಗಿ. ಅದನ್ನು ತೆಗೆದ ರಾಜಮೌಳಿ ಹುಟ್ಟಿದ್ದು ನಮ್ಮ ರಾಯಚೂರು ಜಿಲ್ಲೆಯ ಮಾನ್ವಿ ಕಡೆಯ ಕ್ಯಾಂಪಿನಲ್ಲಿ ಅನ್ನೋದು ಬಳ್ಳಾರಿಯ ಅಭಿಮಾನಿಗಳಿಗೆ ಬಾಯಿಪಾಠ!

ಇಲ್ಲಿನ ಹೋಟೆಲುಗಳು ಮೊದಲು ಹುಟ್ಟಿದ್ದು ಪ್ರವಾಸಿಗಳಿಗಾಗಿ ಅಲ್ಲ, ಚಿತ್ರ ತಂಡಗಳಿಗಾಗಿ. ನಿರ್ಮಾಪಕ ಕಥೆ ಹಿಡಿದು ಒಳಗೆ ಬಂದರೆ ತಯಾರಾದ ಚಿತ್ರ ಹಿಡಿದೇ ಹೊರಗೆ ಹೋಗಬೇಕು ಅನ್ನೋದು ರಾಮೋಜಿಯವರ ಲೆಕ್ಕ. ಹಾಗೆಂದ ಮೇಲೆ ಊಟ, ನಿದ್ದೆ ಎರಡಕ್ಕೂ ಅಲ್ಲೇ ವ್ಯವಸ್ಥೆ ಬೇಕಲ್ಲ? ಸಿತಾರಾ ಅಂತ ಐಷಾರಾಮಿ ಹೋಟೆಲು, ತಾರಾ ಅಂತ ಅದಕ್ಕಿಂತ ಸ್ವಲ್ಪ ಕೈಗೆಟುಕುವ ಹೋಟೆಲು. ಎರಡರ ಅರ್ಥವೂ ನಕ್ಷತ್ರವೇ! ಹೊರಗೆ ಪ್ರವಾಸಿಗಳಿಗೆ ಆಲಂಪನಾ, ಚಾಣಕ್ಯ, ಗನ್‌ಸ್ಮೋಕ್ ಅಂತ ಬೇರೆ ಬೇರೆ ಊಟದ ಮನೆಗಳು. ಹೆಸರೇ ಹೇಳುತ್ತಲ್ಲ: ಒಂದು ಮೊಘಲರ ದರ್ಬಾರು, ಒಂದು ಮೌರ್ಯರ ಕಾಲ, ಇನ್ನೊಂದು ಕೌಬಾಯ್ ಸಿನಿಮಾ. ಟಿಕೆಟ್ ಕೌಂಟರಿನಲ್ಲಿ ಯಾವ ಚಿತ್ರ ಅಂತ ಕೇಳುವ ಹಾಗೆ, ಇಲ್ಲಿ ಯಾವ ಕಾಲದ ಊಟ ಅಂತ ಕೇಳಿಕೊಂಡು ಕೂರಬೇಕು.

ಶೂಟಿಂಗ್ ನೋಡಿದವರಿಗೆ ಗೊತ್ತು, ಸಿನಿಮಾದಲ್ಲಿ ಊಟಕ್ಕೂ ಕ್ಲಾಸುಗಳಿವೆ. ತಾರೆಯರಿಗೆ ವ್ಯಾನಿನೊಳಗೆ ಟಿಫನ್ ಕ್ಯಾರಿಯರ್, ಲೈಟ್ ಬಾಯ್‌ಗೆ ಮರದ ಕೆಳಗೆ ಸಾಲು. ಫಿಲ್ಮ್ ಸಿಟಿಯ ಹೋಟೆಲು ಆ ಬಾಲ್ಕನಿ ಕ್ಲಾಸನ್ನು ಸಾರ್ವಜನಿಕರಿಗೆ ಮಾರುತ್ತೆ, ಅಷ್ಟೇ. ನೀವು ಕೊಡುವ ದುಡ್ಡಿನಲ್ಲಿ ಒಂದು ಪಾಲು ಅನ್ನಕ್ಕೆ, ಒಂದು ಪಾಲು ಆ ಕುರ್ಚಿಗೆ.

ಮೂರನೇ ಸೆಟ್ಟು: ಬಿಡದಿ

ಇನ್ನು ದಕ್ಷಿಣ. ಬಳ್ಳಾರಿಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವ ಹೊತ್ತಿಗೆ ಬೆಂಗಳೂರು. ಅಲ್ಲಿಂದ ಮೈಸೂರು ರಸ್ತೆಯಲ್ಲಿ ಬಿಡದಿ. ಇನ್ನೂ ಸ್ವಲ್ಪ ಮುಂದೆ ಹೋದರೆ 1975ರ 'ಶೋಲೆ'ಯ ಗಬ್ಬರ್ ಸಿಂಗ್ ಕೂತಿದ್ದ ರಾಮನಗರದ ಬಂಡೆಗಳು.

ಬಿಡದಿಯ ವಂಡರ್‌ಲಾ ಪಾರ್ಕು 2005ರಲ್ಲಿ ತೆರೆಯಿತು, ಅದರ ರೆಸಾರ್ಟು 2012ರಲ್ಲಿ. ಸ್ಥಾಪಕರು ಕೇರಳದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ. ಇವರು ಸಿನಿಮಾದವರಲ್ಲ, 1977ರಲ್ಲಿ ವಿ-ಗಾರ್ಡ್ ಸ್ಟೆಬಿಲೈಜರ್ ಕಂಪನಿ ಶುರು ಮಾಡಿದವರು. ಕರೆಂಟು ಏರುಪೇರಾದಾಗ ನಿಮ್ಮ ಮನೆ ಟಿವಿ ಸುಡದ ಹಾಗೆ ಕಾಯುವ ಡಬ್ಬಿ ಇದೆಯಲ್ಲ, ಅದೇ! ಈಗ ನಮ್ಮನ್ನು ಆಕಾಶಕ್ಕೆ ಎತ್ತಿ ಕೆಳಗೆ ಬಿಡುವುದೂ ಅವರದೇ ಕಂಪನಿ.

ಪಾರ್ಕಿನ ಊಟದ ಗುಟ್ಟು ಇಲ್ಲಿ ತಿಳಿಯಬೇಕು. ಬೆಳಗ್ಗೆ ಟಿಕೆಟ್ ಹರಿದು ಒಳಗೆ ಹೋದವನು ಸಂಜೆವರೆಗೆ ಹೊರಗೆ ಬರೋದಿಲ್ಲ. ಇಂಥಾ ಜಾಗಗಳಲ್ಲಿ ಹೊರಗಿನ ಬುತ್ತಿ ಒಳಗೆ ಬಿಡೋದು ಅಪರೂಪ. ನೀರಲ್ಲಿ ಆಡಿದ ಹೊಟ್ಟೆ ಹಸಿಯುತ್ತೆ. ಎದುರಿಗೆ ಇರೋದು ಅವರದೇ ಹೋಟೆಲು. ಟಾಕೀಸಿನಲ್ಲಿ ಇಂಟರ್‌ವಲ್ಲಿನ ಪಾಪ್‌ಕಾರ್ನ್ ಯಾಕೆ ತುಟ್ಟಿಯೋ ಅದೇ ಕಾರಣಕ್ಕೆ ಇದೂ ತುಟ್ಟಿ. ಆದರೆ ಬಿಡದಿಗೆ ಇನ್ನೊಂದು ಪ್ರಸಿದ್ಧಿ ಇದೆ. ಪಾರ್ಕಿನ ಗೇಟಿನಿಂದ ಹೊರಗೆ, ಹೆದ್ದಾರಿ ಬದಿಯಲ್ಲಿ, ತಟ್ಟೆಯಷ್ಟು ಅಗಲದ ಬಿಳಿ ಇಡ್ಲಿ. ಮೈಸೂರು ರಸ್ತೆಯಲ್ಲಿ ಹೋಗುವವರು ಕಾರು ನಿಲ್ಲಿಸಿ ತಿನ್ನೋದು ಇದನ್ನೇ! ಸೆಟ್ಟಿಲ್ಲ, ಲೈಟಿಂಗ್ ಇಲ್ಲ. ಆದರೂ ಶೋ ಹೌಸ್‌ಫುಲ್.

ಸೆಟ್ಟಿನ ಮುಂಭಾಗ ನೋಡಿ ಮರುಳಾಗಬಾರದು, ಹಿಂಭಾಗವೂ ಮುಖ್ಯ ಅನ್ನೋದನ್ನು ತೋರಿಸಿದ್ದೂ ಬಿಡದಿಯೇ. 2025ರ ಅಕ್ಟೋಬರಿನಲ್ಲಿ ಬಿಗ್ ಬಾಸ್ ಕನ್ನಡ ನಡೆಯುತ್ತಿದ್ದ ಅಲ್ಲಿನ ಸ್ಟುಡಿಯೋಗೆ ಮಾಲಿನ್ಯ ನಿಯಂತ್ರಣ ಮಂಡಳಿ ಆದೇಶದ ಮೇರೆಗೆ ಬೀಗ ಬಿತ್ತು. ಕೊಳಚೆ ನೀರು ಶುದ್ಧ ಮಾಡೋದರಲ್ಲಿ ಲೋಪ ಅನ್ನೋದು ದೂರು. ಕೆಲವೇ ದಿನಗಳಲ್ಲಿ ಶೋ ಮತ್ತೆ ನಡೆಯಿತು, ಅದು ಬೇರೆ ಮಾತು. ಊಟದ ಮನೆಗೂ ಇದೇ ಕಾನೂನು. ಮುಂದೆ ಗಾಜಿನ ದೀಪ ಎಷ್ಟೇ ತೂಗಲಿ, ಹಿಂದೆ ಪಾತ್ರೆ ತೊಳೆಯುವ ಜಾಗ ಹೇಗಿದೆ ಅನ್ನೋದೇ ಅಸಲಿ ಕಥೆ.

ಇಂಟರ್‌ವಲ್: ಮಿಕ್ಕಿಯ ಮನೆಯ ಊಟ

ಇಷ್ಟಕ್ಕೂ ಈ ಆಟದ ಪಾರ್ಕುಗಳನ್ನು ಹುಟ್ಟಿಸಿದವರು ಯಾರು? ಬಹುಪಾಲು ನಮ್ಮ ಸಿನಿಮಾದವರೇ! ಮಿಕ್ಕಿ ಮೌಸ್ ಖ್ಯಾತಿಯ ವಾಲ್ಟ್ ಡಿಸ್ನಿ 1955ರ ಜುಲೈ 17ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದರು. 1984ರಲ್ಲಿ ಭಾರತದ ಮೊದಲ 3-ಡಿ ಚಿತ್ರ 'ಮೈ ಡಿಯರ್ ಕುಟ್ಟಿಚಾತ್ತನ್' ಕೊಟ್ಟ ನವೋದಯ ಅಪ್ಪಚ್ಚನ್ 1995ರಲ್ಲಿ ಮದರಾಸಿನ ಬಳಿ ಕಿಷ್ಕಿಂತಾ ಪಾರ್ಕ್ ಕಟ್ಟಿದರು. ಮರುವರ್ಷ ರಾಮೋಜಿ. ಪರದೆ ಮೇಲಿನ ಕನಸಿನೊಳಗೆ ಜನರನ್ನು ನಡೆಸಿಕೊಂಡು ಹೋಗಬೇಕು ಅನ್ನೋ ಹುಚ್ಚು ಸಿನಿಮಾದವರಿಗಲ್ಲದೆ ಇನ್ಯಾರಿಗೆ ಬರುತ್ತೆ?

1967ರಲ್ಲಿ ಡಿಸ್ನಿಲ್ಯಾಂಡಿನಲ್ಲಿ ಬ್ಲೂ ಬಾಯೂ ಅನ್ನೋ ಊಟದ ಮನೆ ತೆರೆಯಿತು. ಹೊರಗೆ ಮಟಮಟ ಮಧ್ಯಾಹ್ನ. ಒಳಗೆ ಸದಾ ರಾತ್ರಿ! ಮಿಂಚುಹುಳು, ಕಪ್ಪೆಯ ಸದ್ದು, ಮೇಜಿನ ಪಕ್ಕದಲ್ಲೇ ಕಡಲುಗಳ್ಳರ ಆಟಕ್ಕೆ ಹೋಗುವ ದೋಣಿಗಳು. ಉಣ್ಣುವವರೂ ದೃಶ್ಯದ ಭಾಗ.

1988ರಲ್ಲಿ ಫ್ಲಾರಿಡಾದ ಡಿಸ್ನಿ ರೆಸಾರ್ಟಿನಲ್ಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ಸ್ ಬಂತು. ಒಬ್ಬರ ಊಟಕ್ಕೆ 300 ಡಾಲರಿಗೂ ಮೇಲೆ, ಅಂದರೆ ನಮ್ಮ ಲೆಕ್ಕದಲ್ಲಿ 25 ಸಾವಿರ ರೂಪಾಯಿ ದಾಟುತ್ತೆ. ತಮಾಷೆ ಏನು ಗೊತ್ತೇ? ಮಿಕ್ಕಿ ಮೌಸಿನ ಆ ಊರಿನಲ್ಲಿ, ಹತ್ತು ವರ್ಷದೊಳಗಿನ ಮಕ್ಕಳಿಗೆ ಈ ಹೋಟೆಲಿನಲ್ಲಿ ಪ್ರವೇಶವಿಲ್ಲ!

2024ರಲ್ಲಿ ಈ ಹೋಟೆಲಿಗೆ ಒಂದು ಮಿಷೆಲಿನ್ ನಕ್ಷತ್ರ ಸಿಕ್ಕಿತು. ಮಿಷೆಲಿನ್ ಅಂದರೆ ಫ್ರಾನ್ಸಿನ ಟೈರು ಕಂಪನಿ. 1900ರಿಂದ ಪ್ರಯಾಣಿಕರಿಗಾಗಿ ಕೈಪಿಡಿ ತರುತ್ತಿದೆ, 1926ರಿಂದ ಒಳ್ಳೆ ಊಟಕ್ಕೆ ನಕ್ಷತ್ರ ಕೊಡುತ್ತಿದೆ. ಹೋಟೆಲು ಲೋಕದಲ್ಲಿ ಅದು ರಾಷ್ಟ್ರಪ್ರಶಸ್ತಿ ಇದ್ದ ಹಾಗೆ. ಈಗ ಮುಖ್ಯ ಮಾತು ಕೇಳಿ. ಆ ನಕ್ಷತ್ರ ಕೊಡುವಾಗ ಅವರು ಪರದೆ, ಕುರ್ಚಿ, ದೀಪ, ಸಂಗೀತ ಯಾವುದನ್ನೂ ಲೆಕ್ಕಕ್ಕೆ ಹಿಡಿಯೋದಿಲ್ಲ. ಸಾಮಾನು ಒಳ್ಳೇದಾ? ಅಡುಗೆ ಹದವಾಗಿದೆಯಾ? ರುಚಿ ಒಂದಕ್ಕೊಂದು ಹೊಂದುತ್ತಾ? ಇವತ್ತು ಇದ್ದ ಹಾಗೆ ನಾಳೆಯೂ ಇರುತ್ತಾ? ಇಂಥವೇ ಪ್ರಶ್ನೆಗಳು. ಜಗತ್ತಿನ ದೊಡ್ಡ ಸೆಟ್ಟಿನ ನಡುವೆ ಇರುವ ಹೋಟೆಲೂ ಗೆದ್ದದ್ದು ಸೆಟ್ಟಿನಿಂದಲ್ಲ, ತಟ್ಟೆಯಿಂದ!

ದೃಶ್ಯದೊಳಗೆ ನೀವು

ಹಾಗಾದರೆ ಒಳಗೆ ಹೋದವನು ಹೇಗಿರಬೇಕು? ಹೆದರಬೇಕಾದದ್ದು ಏನೂ ಇಲ್ಲ. ಸಾಲಾಗಿ ಚಮಚ ಇಟ್ಟಿದ್ದರೆ ಹೊರಗಿನದರಿಂದ ಒಳಕ್ಕೆ ಒಂದೊಂದಾಗಿ ಎತ್ತಿಕೊಳ್ಳಿ. ಬಟ್ಟೆ ಕರವಸ್ತ್ರ ಇಟ್ಟಿರುವುದು ತೊಡೆಯ ಮೇಲೆ ಹಾಸಿಕೊಳ್ಳೋದಕ್ಕೆ. ಊಟ ಮುಗಿದರೆ ಚಾಕು, ಮುಳ್ಳುಚಮಚ ಎರಡನ್ನೂ ತಟ್ಟೆಯಲ್ಲಿ ಜೊತೆಯಾಗಿ ಇಡಿ, ಅದೇ ಶುಭಂ. ದೊಡ್ಡ ತಟ್ಟೆಯಲ್ಲಿ ಚಿಟಿಕೆಯಷ್ಟು ಬಂತು ಅಂತ ಗಾಬರಿ ಬೇಡ. ಅದು ಒಂದೇ ರೀಲು, ಹಿಂದೆ ಇನ್ನೂ ರೀಲುಗಳು ಬರ್ತವೆ. ರೊಟ್ಟಿ, ಅನ್ನ ಕೈಯಲ್ಲಿ ಉಂಡರೆ ಅವಮಾನ ಇಲ್ಲ. ಇದು ಕೈಯಲ್ಲಿ ಉಣ್ಣುವ ದೇಶ. ಮೆನು ಅರ್ಥವಾಗದಿದ್ದರೆ ಕೇಳಿ. ವಿವರಿಸೋದು ಸಪ್ಲೈಯರನ ಕೆಲಸ, ಕೇಳೋದು ನಿಮ್ಮ ಹಕ್ಕು. ಕೋಟು ಹಾಕಿ ನಿಂತ ಆ ಹುಡುಗನೂ ನಿಮ್ಮಂಥ ಒಂದು ಊರಿನಿಂದ ದುಡಿಯಲು ಬಂದವನೇ ಇರಬಹುದು. "ಅಣ್ಣಾ, ಯಾವೂರು?" ಅಂತ ಒಂದು ಮಾತು ಕೇಳಿ ನೋಡಿ. ಕೃತಕ ನಗುವಿನ ಜಾಗದಲ್ಲಿ ಅಸಲಿ ನಗು ಬರುತ್ತೆ.

ಬಿಲ್ಲು ಬಂದಾಗ ಕಣ್ಣು ತೆರೆದಿರಲಿ. ಸರ್ವಿಸ್ ಚಾರ್ಜ್ ಅಂತ ಸೇರಿಸಿದ್ದರೆ ಅದು ಕಡ್ಡಾಯವಲ್ಲ. ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹಾಗೆ ಹೇಳಿದೆ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ತೆಗೆಯಿರಿ ಅಂತ ಮರ್ಯಾದೆಯಿಂದ ಹೇಳಬಹುದು. ಸೇವೆ ಮೆಚ್ಚಿದ್ದರೆ ಭಕ್ಷೀಸು ನೇರವಾಗಿ ಹುಡುಗನ ಕೈಗೆ ಕೊಡಿ. ಮಾಮೂಲು ಹೋಟೆಲಿನಲ್ಲಿ ಜಿಎಸ್‌ಟಿ ನೂರಕ್ಕೆ 5. ದಿನದ ಬಾಡಿಗೆ 7,500 ರೂಪಾಯಿ ದಾಟುವ ಕೋಣೆಗಳಿರುವ ದೊಡ್ಡ ಹೋಟೆಲಿನಲ್ಲಿ 18. ಅಂದರೆ ಸಾವಿರ ರೂಪಾಯಿ ಊಟಕ್ಕೆ ಒಂದು ಕಡೆ 50, ಇನ್ನೊಂದು ಕಡೆ 180. ಬಾಟಲಿ ನೀರಿಗೆ ಎಂಆರ್‌ಪಿಗಿಂತ ಜಾಸ್ತಿ ಹಾಕಲು 2017ರಲ್ಲಿ ಸುಪ್ರೀಂ ಕೋರ್ಟು ಹೋಟೆಲಿಗೆ ಅವಕಾಶ ಕೊಟ್ಟಿದೆ. ಆದ್ದರಿಂದ ಕುಡಿಯೋ ನೀರು ಯಾವುದು ಅಂತ ಮೊದಲೇ ಹೇಳಿಬಿಡಿ. ಬಿಲ್ಲಿನಲ್ಲಿ ಆಹಾರ ಸುರಕ್ಷತಾ ಲೈಸೆನ್ಸಿನ 14 ಅಂಕಿಯ ನಂಬರು ಇರಬೇಕು, 2022ರಿಂದ ಅದು ಕಡ್ಡಾಯ.

ಇನ್ನೊಂದು ಮಾತು, ಅಣ್ಣನ ಸ್ಥಾನದಲ್ಲಿ ನಿಂತು ಹೇಳ್ತೇನೆ. ಮೆಣಸಿನಕಾಯಿ ಬಿಡಿಸೋ ಕೂಲಿಯ ಹಣ ಸೇರಿಸಿ, ಇಲ್ಲಾ ಬಡ್ಡಿಗೆ ತಂದು, ಫೋಟೋ ಹಾಕೋದಕ್ಕೋಸ್ಕರ ಒಂದು ರಾತ್ರಿ ಅರಮನೆಯಲ್ಲಿ ಕೂರಬೇಡಿ. ಕಟೌಟಿಗೆ ಹಾಲು ಸುರಿದು ಮನೆಯಲ್ಲಿ ಕಪ್ಪು ಟೀ ಕುಡಿದ ಹಾಗಾಗುತ್ತೆ. ನಾಲ್ಕು ಜನ ಗೆಳೆಯರು ಕೂಡಿ, ವರ್ಷಕ್ಕೊಮ್ಮೆ, ಕೈಯಲ್ಲಿದ್ದ ದುಡ್ಡಿನಲ್ಲಿ ಹೋಗಿ ಬನ್ನಿ. ಅದು ಪ್ರವಾಸ. ಇನ್ನೊಂದು ಬರೀ ಸಾಲ.

ಕೊನೆಯ ರೀಲು

ಬಳ್ಳಾರಿ ಸೀಮೆಯ ಮೆಣಸಿನಕಾಯಿ ಲಾರಿಗಟ್ಟಲೆ ಬ್ಯಾಡಗಿ ಮಾರುಕಟ್ಟೆಗೆ ಹೋಗುತ್ತೆ. ಕೆಂಪು ಮೆಣಸಿನಕಾಯಿಯಿಂದ ತೆಗೆದ ಬಣ್ಣ ತಿನಿಸಿಗೂ ಹೋಗುತ್ತೆ, ತಾರೆಯರ ತುಟಿಯ ಲಿಪ್‌ಸ್ಟಿಕ್ಕಿಗೂ ಹೋಗುತ್ತೆ. ಊರೂರಿನ ಹುಡುಗರು ಹಾಕುವ ಜೀನ್ಸು ಬಳ್ಳಾರಿಯಲ್ಲೇ ಹೊಲಿದದ್ದು. ಅಂದರೆ ಆ ಐಷಾರಾಮಿ ಸೀನಿನಲ್ಲಿ ನಮ್ಮ ಕಡೆಯವರ ಬೆವರು ಮೊದಲಿಂದಲೂ ಇದೆ, ಟೈಟಲ್ ಕಾರ್ಡಿನಲ್ಲಿ ಹೆಸರು ಇಲ್ಲ ಅಷ್ಟೇ!

ಆದ್ದರಿಂದ ರೂಪನಗುಡಿಯ ಗೆಳೆಯರೇ, ಹೋದಾಗ ತಲೆ ಎತ್ತಿ ಕೂತು ಮೆನು ಕೇಳಿ. ಓದಿ ಮುಗಿಸಿ, "ಜೋಳದ ರೊಟ್ಟಿ, ಎಣ್ಣೆಗಾಯಿ ಸಿಗುತ್ತೇನಣ್ಣ?" ಅಂತ ಕೇಳಿ. ಇದೆ ಅಂದರೆ ತರಿಸಿ, ನಿಮ್ಮವ್ವನ ಕೈಯಡುಗೆ ಜೊತೆ ತೂಗಿ ನೋಡಿ. ಇಲ್ಲ ಅಂದರೆ ಯಾಕಿಲ್ಲ ಅಂತ ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವನಿಗೆ ಸಿಗುತ್ತೆ. ಪ್ರೇಕ್ಷಕ ಬೇಕು ಅಂದದ್ದನ್ನೇ ಅಲ್ಲವೇ ಗಾಂಧಿನಗರದವರೂ ಕೊನೆಗೆ ತೆಗೆಯೋದು?